ಕಪಿಲೆಯ ದಡದ ಅರ್ಧ ಟಿಕೆಟ್

ಡಿಸೆಂಬರ್ ಹುಟ್ಟಿತೆಂದರೆ ಸೋಮನಾಥಪುರದ ಕೇಶವ ದೇವಾಲಯದ ಮುಂದೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಬಸ್ಸಿನ ಮುಂಗಾಜಿನ ಕೆಳಗೆ ಶಾಲೆಯ ಹೆಸರು ಬರೆದ ಬಟ್ಟೆ, ಹಿಂದಿನ ಸೀಟಿನ ಬಳಿ ಪುಳಿಯೋಗರೆಯ ಡಬರಿ, ಕಿಟಕಿಗಳಲ್ಲಿ ಹಿಂದಿನ ರಾತ್ರಿ ಖುಷಿಗೆ ನಿದ್ದೆಯೇ ಮಾಡದ ಮುಖಗಳು. ಮಕ್ಕಳು ಇಳಿದು ಸಾಲು ಕಟ್ಟುವಷ್ಟರಲ್ಲಿ ಮೇಷ್ಟರು ಹೆಸರಿನ ಪಟ್ಟಿ ಹಿಡಿದು ಟಿಕೆಟ್ ಕಿಟಕಿಯ ಮುಂದೆ ನಿಂತಿರುತ್ತಾರೆ.

‘ಹದಿನೈದು ದಾಟಿದೋರು ಎಷ್ಟು ಜನ ಸಾರ್?’

ಕಿಟಕಿಯ ಒಳಗಿನಿಂದ ಬರುವ ಈ ಪ್ರಶ್ನೆ ಸಣ್ಣದು. ಆದರೆ ಹತ್ತನೆಯ ತರಗತಿಯನ್ನು ಕರೆತಂದ ಮೇಷ್ಟರಿಗೆ ಇದು ಪೇಚಿನ ಪ್ರಶ್ನೆ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಟಿಕೆಟ್ ಇಟ್ಟಿರುವ ಸ್ಮಾರಕಗಳಲ್ಲಿ ಹದಿನೈದು ತುಂಬದ ಮಕ್ಕಳಿಗೆ ಪ್ರವೇಶ ಉಚಿತ. ಮಗು ನಂಜನಗೂಡಿನದಾದರೂ ಸರಿ, ನ್ಯೂಜಿಲೆಂಡಿನದಾದರೂ ಸರಿ. ಏಳು, ಎಂಟನೆಯ ತರಗತಿಯವರನ್ನು ಕರೆತಂದರೆ ಲೆಕ್ಕವೇ ಬೇಡ. ಹತ್ತನೆಯ ತರಗತಿಯಲ್ಲಾದರೋ ಗೆರೆ ಸರಿಯಾಗಿ ನಡುವೆಯೇ ಹಾದುಹೋಗುತ್ತದೆ. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರಲ್ಲಿ ಒಬ್ಬ ಪುಕ್ಕಟೆಯಾಗಿ ಒಳಗೆ ಹೋಗುತ್ತಾನೆ, ಇನ್ನೊಬ್ಬನಿಗೆ ಟಿಕೆಟ್ ಕೊಳ್ಳಬೇಕು. ಇಬ್ಬರೂ ವಿದ್ಯಾರ್ಥಿಗಳೇ. ಆದರೆ ಇಲ್ಲಿನ ನಿಯಮ ಕೇಳುವುದು ವಯಸ್ಸನ್ನು, ಪಾಠವನ್ನಲ್ಲ.

ಹಣದ ಮಟ್ಟಿಗೆ ಇದು ದೊಡ್ಡ ಮಾತಲ್ಲ. 2016ರ ಏಪ್ರಿಲ್‌ವರೆಗೆ ಸೋಮನಾಥಪುರದಂಥ ಸ್ಮಾರಕಗಳಿಗೆ ಭಾರತೀಯರ ಟಿಕೆಟ್ ಐದೇ ರೂಪಾಯಿ ಇತ್ತು. ಆ ವರ್ಷ ಅದು 15 ಆಯಿತು, 2018ರಲ್ಲಿ ಮತ್ತೆ ಏರಿತು. ಆದರೂ ಮೈಸೂರಿನ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ಕೊಡುವ ಹಣಕ್ಕಿಂತ ಹೆಚ್ಚೇನಲ್ಲ. ತೊಂದರೆ ಬೇರೆ. ಪ್ರವಾಸಕ್ಕೆ ಹಣ ಎತ್ತುವಾಗ ಮೇಷ್ಟರು ಎಲ್ಲರಿಂದ ಒಂದೇ ಮೊತ್ತ ಪಡೆದಿರುತ್ತಾರೆ. ಈಗ ಕಿಟಕಿಯ ಮುಂದೆ ಹನ್ನೊಂದು ಟಿಕೆಟ್ಟಿನ ಹಣ ಯಾವ ಲೆಕ್ಕದಿಂದ ತೆಗೆಯುವುದು? ಬಹುಪಾಲು ಅದು ಮೇಷ್ಟರ ಜೇಬಿನಿಂದಲೇ ಹೋಗುತ್ತದೆ. ಇಲ್ಲವೇ ಸಂಜೆಯ ಬೋಂಡ, ಟೀ ರದ್ದಾಗುತ್ತದೆ.

ಜೂನ್‌ನಲ್ಲಿ ಹುಟ್ಟಿದವರು

ಹದಿನೈದು ದಾಟಿತೋ ಇಲ್ಲವೋ ಎಂದು ಹೇಳುವುದು ಯಾರು? ಶಾಲೆಯ ದಾಖಲಾತಿ ಪುಸ್ತಕ. ಈ ಪುಸ್ತಕದ ಕಥೆ ನಂಜನಗೂಡು, ತಿರುಮಕೂಡಲು ನರಸೀಪುರದ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನವರಿಗೆ ಚೆನ್ನಾಗಿ ಗೊತ್ತು. ಮಗುವನ್ನು ಶಾಲೆಗೆ ಸೇರಿಸಲು ಬಂದ ತಾಯಿಗೆ ಮಗ ಹುಟ್ಟಿದ್ದು ‘ದೊಡ್ಡಜಾತ್ರೆ ಆದ ಮೂರನೇ ದಿನ’ ಎಂದು ನೆನಪಿರುತ್ತಿತ್ತೇ ಹೊರತು ಇಸವಿ ಎಲ್ಲಿ ಗೊತ್ತು! ಹುಡುಗನ ಕೈಯನ್ನು ತಲೆಯ ಮೇಲಿನಿಂದ ತಂದು ಇನ್ನೊಂದು ಕಿವಿ ಮುಟ್ಟಿಸಿ, ಮುಟ್ಟಿದರೆ ಸೇರಿಸಿಕೊಂಡು, ಶಾಲೆ ಶುರುವಾಗುವ ಹೊತ್ತಿಗೆ ಸರಿಹೊಂದುವ ಒಂದು ತಾರೀಕನ್ನು ಹೆಡ್‌ಮಾಸ್ಟರೇ ಬರೆದುಕೊಳ್ಳುತ್ತಿದ್ದರು. ಹಾಗಾಗಿ ಇಡೀ ತರಗತಿಯೇ ಮೇ, ಜೂನ್ ತಿಂಗಳಲ್ಲಿ ಹುಟ್ಟಿದ್ದೂ ಉಂಟು. ಸರ್ಕಾರಿ ನೌಕರಿಯಿಂದ ಈಗ ನಿವೃತ್ತರಾಗುತ್ತಿರುವ ಎಷ್ಟೋ ಮಂದಿ ಮೇ 31ರಂದೇ ನಿವೃತ್ತರಾಗುವುದರ ಗುಟ್ಟು ಇದು. ಇಂದಿನ ಮಕ್ಕಳು ಆಸ್ಪತ್ರೆಯಲ್ಲಿ ಹುಟ್ಟುತ್ತಾರೆ, ಜನನ ಪ್ರಮಾಣಪತ್ರದೊಂದಿಗೇ ಬೆಳೆಯುತ್ತಾರೆ. ಅವರ ತಾರೀಕು ನಿಜದ ತಾರೀಕು.

ಇನ್ನು ಬಸ್ಸಿನ ಅರ್ಧ ಟಿಕೆಟ್. ಸಾರಿಗೆ ಬಸ್ಸಿನಲ್ಲಿ ಹನ್ನೆರಡರವರೆಗೆ ಅರ್ಧ. ಈ ಹನ್ನೆರಡು ಎಂಬ ಗೆರೆ ಮೈಸೂರು ಸೀಮೆಯ ತಾಯಂದಿರಿಗೆ ರಬ್ಬರಿನಂತೆ ಎಳೆದರೆ ಎಳೆಯಷ್ಟು ಉದ್ದ. ಮೂಗಿನ ಕೆಳಗೆ ಮೀಸೆ ಚಿಗುರಿದವನನ್ನೂ ತೊಡೆಯ ಮೇಲೆ ಕೂರಿಸಿಕೊಂಡು ‘ಇನ್ನೂ ಹನ್ನೊಂದು ಕಣಪ್ಪ, ಎತ್ತರ ಅವರಪ್ಪನ ಕಡೆದು’ ಎಂದು ಕಂಡಕ್ಟರಿಗೆ ಹೇಳುವುದನ್ನು ಈ ದಾರಿಯಲ್ಲಿ ಓಡಾಡಿದವರೆಲ್ಲ ಕೇಳಿದ್ದಾರೆ. ಆಗ ಹುಡುಗನೇ ಎದ್ದು ನಿಂತು, ‘ಇಲ್ಲ ಸಾ, ನಂಗೆ ಹದಿಮೂರು’ ಎಂದು ಅಭಿಮಾನದಿಂದ ಹೇಳಿ ಪೆಟ್ಟು ತಿನ್ನುವುದೂ ಉಂಟು. ರಿಯಾಯಿತಿಗೆ ಸುಳ್ಳು ಹೇಳಿಕೊಡುವ ಅಭ್ಯಾಸ ಒಳ್ಳೆಯದಲ್ಲ. ಆದರೆ ಸುಳ್ಳು ಹೇಳದೆಯೇ ಪಡೆಯಬಹುದಾದ ರಿಯಾಯಿತಿ ಇಷ್ಟಿವೆ ಎಂದು ಆ ತಾಯಿಗೆ ಯಾರೂ ಹೇಳಿರುವುದಿಲ್ಲ, ಅದು ಇನ್ನೂ ಕೆಟ್ಟದ್ದು.

ಕಲ್ಲಿನಲ್ಲಿ ಬಾಳೆಹೂವು

ಟಿಕೆಟ್ಟಿನ ಕಿಟಕಿ ದಾಟಿದರೆ ಮಕ್ಕಳಿಗೆ ಅದರ ನೆನಪೇ ಉಳಿಯುವುದಿಲ್ಲ. ಹೊಯ್ಸಳರ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ತ್ರಿಕೂಟ ಇದು. ಕೇಶವ, ಜನಾರ್ದನ, ವೇಣುಗೋಪಾಲ ಎಂಬ ಮೂರು ಗರ್ಭಗುಡಿಗಳು. ಮೂಲ ಕೇಶವ ವಿಗ್ರಹ ಇಲ್ಲ, ಈಗಿರುವುದು ನಂತರದ್ದು. ಪೂಜೆಯೂ ಇಲ್ಲ. ಪೂಜೆ ಇದ್ದಿದ್ದರೆ ಟಿಕೆಟ್ ಇರುತ್ತಿರಲಿಲ್ಲವೇನೋ. ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರರೊಂದಿಗೆ ಈ ದೇವಾಲಯ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬನ್ನೂರು ರಸ್ತೆಯಲ್ಲಿ ಹೊರ ರಾಜ್ಯದ ಕಾರುಗಳೂ ಕಾಣಿಸುತ್ತವೆ.

ಜಾಣ ಮೇಷ್ಟರು ಇಲ್ಲಿ ಇತಿಹಾಸಕ್ಕಿಂತ ಮೊದಲು ಕಲ್ಲನ್ನು ತೋರಿಸುತ್ತಾರೆ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಉಗುರಿನಲ್ಲಿ ಗೀರಬಹುದಾದಷ್ಟು ಮೆದು. ಗಾಳಿ ಬಿಸಿಲಿಗೆ ಒಡ್ಡಿಕೊಂಡಂತೆ ಗಡಸಾಗುತ್ತದೆ. ಅದಕ್ಕೇ ಆನೆಯ ಕೊರಳಿನ ಸರದ ಮಣಿಗಳನ್ನು ಒಂದೊಂದಾಗಿ ಬಿಡಿಸಲು ಶಿಲ್ಪಿಗೆ ಸಾಧ್ಯವಾಯಿತು. ಒಳಗಿನ ದುಂಡು ಕಂಬಗಳನ್ನು ತಿರುಗಣಿಯಲ್ಲಿ ಕಡೆದಂತೆ ಬಳೆಬಳೆಯಾಗಿ ತೆಗೆದಿದ್ದಾರೆ. ಮೇಲೆ ನೋಡಿದರೆ ಚಾವಣಿಯ ನಡುವೆ ಬಾಳೆಹೂವು ಇಳಿಬಿದ್ದಿದೆ, ಎಸಳು ಎಸಳಾಗಿ. ರಸಬಾಳೆಯ ಸೀಮೆಯಿಂದ ಬಂದ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ‘ನಮ್ ತೋಟದ್ದೇ ಸಾ’ ಎಂದು ಯಾವನಾದರೊಬ್ಬ ಕೂಗಿಯೇ ಕೂಗುತ್ತಾನೆ. ಗೋಡೆಯ ವಿಗ್ರಹಗಳ ಕೆಳಗೆ ಮಲ್ಲಿತಮ್ಮ ಎಂಬ ಶಿಲ್ಪಿಯ ಸಹಿಗಳಿವೆ. ಏಳೂವರೆ ಶತಮಾನದ ಹಿಂದಿನವನೊಬ್ಬ ತನ್ನ ಹೋಂವರ್ಕಿನ ಕೆಳಗೆ ಹೆಸರು ಬರೆದಂತಿರುವ ಇವನ್ನು ಹುಡುಕುವ ಪಂದ್ಯ ಕಟ್ಟಿದರೆ ಮಕ್ಕಳು ಅರ್ಧ ಗಂಟೆ ಗಲಾಟೆ ಮಾಡುವುದಿಲ್ಲ.

ಇಷ್ಟೆಲ್ಲ ಇರುವ ಜಾಗಕ್ಕೆ, ಮೂವತ್ತು ನಲವತ್ತು ಕಿಲೋಮೀಟರಿನೊಳಗಿನ ಊರುಗಳಲ್ಲಿ ಹುಟ್ಟಿ ಬೆಳೆದೂ ಒಮ್ಮೆಯೂ ಬರದ ಮಕ್ಕಳಿದ್ದಾರೆ. ಪ್ರತಿ ಪ್ರವಾಸದಲ್ಲೂ ‘ಹೊಟ್ಟೆನೋವು’ ಎಂದು ಹಿಂದೆ ಉಳಿಯುವ ನಾಲ್ಕೈದು ಮಕ್ಕಳಿರುತ್ತಾರೆ. ಆ ಹೊಟ್ಟೆನೋವಿಗೆ ಕಾರಣ ಬಾಗಿಲಿನ ಟಿಕೆಟ್ ಅಲ್ಲ, ಬಾಗಿಲವರೆಗಿನ ಬಸ್ಸಿನ ಬಾಡಿಗೆ. ರಿಯಾಯಿತಿಯ ಮಾತೆಲ್ಲ ಬಾಗಿಲಲ್ಲಿ ಶುರುವಾಗುತ್ತದೆ, ಖರ್ಚು ಮನೆಯಲ್ಲೇ ಶುರುವಾಗಿರುತ್ತದೆ.

ಟಿಕೆಟ್ ಇಲ್ಲದ ಊರುಗಳು

ಈ ಸೀಮೆಯಲ್ಲಿ ನೋಡುವುದಕ್ಕೆ ಹಣ ಕೇಳುವ ಜಾಗ ಕಡಿಮೆ ಎಂಬುದನ್ನೂ ಹೇಳಬೇಕು. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿ 385 ಅಡಿ ಉದ್ದ, 160 ಅಡಿ ಅಗಲ. ಅಂಥ ಪ್ರಾಕಾರವನ್ನು ಸುತ್ತಿ ಬರಲು ಯಾರೂ ವಯಸ್ಸು ಕೇಳುವುದಿಲ್ಲ. ಊರಿನ ಅಂಚಿನಲ್ಲಿ ಕಪಿಲೆಗೆ ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ ಸೇತುವೆ ಇದೆ. ಎತ್ತಿನ ಗಾಡಿಗೆಂದು ಕಟ್ಟಿದ ಇದರ ಮೇಲೆ ಮುಂದೆ ರೈಲೂ ಓಡಿತು, ಪಕ್ಕದಲ್ಲೇ ಬಸ್ಸೂ ಓಡಿತು. ಕಮಾನು ಭಾರವನ್ನು ಹೇಗೆ ಹೊರುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಡ. ನಂಜನಗೂಡಿನ ಹುಡುಗರು ಅದರ ಕೆಳಗೆ ಈಜುತ್ತಾರೆ, ಮೇಲೆ ಪಾಠ ಹೇಳಿದವರು ಮಾತ್ರ ವಿರಳ.

ಅದೇ ನದಿ ಸುತ್ತೂರನ್ನು ಬಳಸಿ ತಿರುಮಕೂಡಲಿಗೆ ಹೋಗಿ ಕಾವೇರಿಯನ್ನು ಸೇರುತ್ತದೆ. ಸುತ್ತೂರಿನ ಜಾತ್ರೆಯಲ್ಲಿ ಊಟಕ್ಕೆ ಕೂತವರ ಜಾತಿ, ಊರು, ವಯಸ್ಸು ಯಾವುದನ್ನೂ ಕೇಳದೆ ಬಡಿಸುತ್ತಾರೆ. ಸಂಗಮದಲ್ಲಿ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆಂಬ ನಂಬಿಕೆ. ಗುಂಜಾ ನರಸಿಂಹನ ಸನ್ನಿಧಿ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದು ಊರವರು ಹೇಳುತ್ತಾರೆ. ಇಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತ ಬಂದಿದೆ. ಇದೇ ಊರಿನ ಬಳಿ ನವಶಿಲಾಯುಗದ ಜನರ ಸಮಾಧಿಗಳನ್ನು ಪುರಾತತ್ತ್ವಜ್ಞರು ಅಗೆದು ತೆಗೆದಿದ್ದಾರೆ. ಕುಂಭಮೇಳ ಎಲ್ಲರಿಗೂ ಗೊತ್ತು, ಅಗೆತ ಯಾರಿಗೂ ಗೊತ್ತಿಲ್ಲ. ತಲಕಾಡಿನ ಮರಳಿಗೂ ಟಿಕೆಟ್ ಇಲ್ಲ. ಮಕ್ಕಳು ಅದರಲ್ಲಿ ಉರುಳಾಡಲಿ, ಆದರೆ ನದಿಗೆ ಮಾತ್ರ ಬಿಡಬಾರದು. ಕಾವೇರಿಯ ಸುಳಿಗೆ ಅರ್ಧ ಟಿಕೆಟ್ ಎಂಬುದಿಲ್ಲ.

ಹೆಡ್‌ಮಾಸ್ಟರರ ಕಾಗದ

ಮೈಸೂರಿಗೆ ಹೋದರೆ ಲೆಕ್ಕ ಬದಲಾಗುತ್ತದೆ. ಅರಮನೆಯಲ್ಲಿ, ಮೃಗಾಲಯದಲ್ಲಿ ಶಾಲೆಯಿಂದ ಗುಂಪಾಗಿ ಬಂದ ಮಕ್ಕಳಿಗೆ ಬೇರೆ ದರ ಇರುತ್ತದೆ. ಆದರೆ ಮುಖ್ಯೋಪಾಧ್ಯಾಯರ ಸಹಿ, ಮೊಹರು ಇರುವ ಕಾಗದ ಬೇಕು. ಸಮವಸ್ತ್ರ ನೋಡಿಯಾದರೂ ಬಿಡಬಾರದೇ ಎಂದು ವಾದಿಸಿ ಪ್ರಯೋಜನವಿಲ್ಲ. ಕಾಗದ ಮರೆತ ಶಾಲೆ ಪೂರ್ತಿ ದರ ಕೊಟ್ಟು ಒಳಗೆ ಹೋಗುತ್ತದೆ, ಇಲ್ಲವೇ ಹೊರಗಿನಿಂದಲೇ ಗೋಪುರ ತೋರಿಸಿ ಕರೆದೊಯ್ಯುತ್ತದೆ.

ರೈಲಿನ ರಿಯಾಯಿತಿಯಂತೂ ಬಹಳ ಶಾಲೆಗಳಿಗೆ ತಿಳಿದೇ ಇಲ್ಲ. ಗ್ರಾಮೀಣ ಪ್ರದೇಶದ ಸರ್ಕಾರಿ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಅಧ್ಯಯನ ಪ್ರವಾಸಕ್ಕೆ ಎರಡನೆಯ ದರ್ಜೆಯಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿ ಉಂಟು. ಬೇರೆ ವಿದ್ಯಾರ್ಥಿಗಳಿಗೆ ಅಧ್ಯಯನ ಪ್ರವಾಸಕ್ಕೂ ರಜೆಗೆ ಊರಿಗೆ ಹೋಗುವುದಕ್ಕೂ ಅರ್ಧ. ಪರಿಶಿಷ್ಟ ಜಾತಿ, ಪಂಗಡದವರಿಗೆ ಇಲ್ಲಿಯೂ 75. 2020ರ ಮಾರ್ಚ್‌ನಲ್ಲಿ ಕೊರೋನಾ ಕಾಲಕ್ಕೆ ರೈಲ್ವೆಯವರು ಹಿರಿಯ ನಾಗರಿಕರದು ಸೇರಿದಂತೆ ಅನೇಕ ರಿಯಾಯಿತಿಗಳನ್ನು ಕಿತ್ತುಕೊಂಡರೂ ವಿದ್ಯಾರ್ಥಿಗಳದನ್ನು ಉಳಿಸಿದರು. ನಂಜನಗೂಡಿಗೆ ರೈಲಿದೆ. ನರಸೀಪುರಕ್ಕೆ ಇಲ್ಲ, ಅಲ್ಲಿಯ ಮಕ್ಕಳು ಮೈಸೂರಿಗೋ ನಂಜನಗೂಡಿಗೋ ಬಂದು ಹತ್ತಬೇಕು.

2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆ ಇನ್ನೊಂದು ತಿರುವು ತಂದಿತು. ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ. ನರಸೀಪುರದ ಕಾಲೇಜು ಹುಡುಗಿಯರು ನಾಲ್ವರು ಸೇರಿ ಭಾನುವಾರ ಸೋಮನಾಥಪುರಕ್ಕೋ ತಲಕಾಡಿಗೋ ಹೋಗಿಬರುವುದು ಈಗ ಹೊಸದಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ಸಾಕು. ಅವರ ತಮ್ಮಂದಿರ ವಿದ್ಯಾರ್ಥಿ ಪಾಸು ಮನೆಯಿಂದ ಶಾಲೆಗೆ ಮಾತ್ರ. ಶಾಲೆ ದಾಟಿ ಆಚೆಗೆ ಹೋದರೆ ಪೂರ್ತಿ ದರ. ಬಾಡಿಗೆಗೆ ಪಡೆದ ಪ್ರವಾಸದ ಬಸ್ಸಿಗೆ ಶಕ್ತಿಯೂ ಇಲ್ಲ, ಪಾಸೂ ಇಲ್ಲ.

ಮೂರು ಪ್ರಶ್ನೆ, ಮೂರು ಬಾಗಿಲು

ಈ ಊರುಗಳಿಂದ ಮೈಸೂರಿನ ಕಾಲೇಜುಗಳಿಗೆ ಹೋಗಿ, ಅಲ್ಲಿಂದ ಜರ್ಮನಿಗೆ, ಅಮೆರಿಕಕ್ಕೆ ಓದಲು ಹೋಗುವ ಮಕ್ಕಳ ಸಂಖ್ಯೆ ಈಗ ಬೆರಳೆಣಿಕೆಯದಲ್ಲ. ಮೈಸೂರಿನ ಅಂಚೆ ಕಚೇರಿಯಲ್ಲೇ 2017ರ ಜನವರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದ ಮೇಲೆ ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಅಲೆಯುವುದೂ ತಪ್ಪಿತು. ಹೊಲ ಅಡವಿಟ್ಟು, ಬ್ಯಾಂಕಿನ ಸಾಲ ತೆಗೆದು ಹೋದ ಮಕ್ಕಳಿಗೆ ಅಲ್ಲಿನ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಎದುರಾಗುವುದೂ ಸೋಮನಾಥಪುರದ ಕಿಟಕಿಯ ಪ್ರಶ್ನೆಯೇ. ಅಲ್ಲಿ ಅದು ಮೂರಾಗಿ ಒಡೆಯುತ್ತದೆ: ವಯಸ್ಸೆಷ್ಟು? ಓದುತ್ತಿದ್ದೀಯಾ? ಯಾವ ದೇಶದವನು?

ಪ್ಯಾರಿಸ್ಸಿನ ಲೂವ್ರ್ ನೋಡಿ. ಹದಿನೆಂಟು ತುಂಬದವರು ಯಾವ ದೇಶದವರಾದರೂ ಉಚಿತ. ಹದಿನೆಂಟರಿಂದ ಇಪ್ಪತ್ತೈದರವರೆಗೆ ಉಚಿತ ಯಾರಿಗೆಂದರೆ ಐರೋಪ್ಯ ಆರ್ಥಿಕ ವಲಯದಲ್ಲಿ ವಾಸಿಸುವವರಿಗೆ. ವಾಸಿಸುವವರಿಗೆ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಬೇಕು. ಜರ್ಮನಿಯಲ್ಲಿ ಎಂ.ಎಸ್. ಓದುತ್ತಿರುವ ನಂಜನಗೂಡಿನ ಇಪ್ಪತ್ಮೂರರ ಹುಡುಗ ಪಾಸ್‌ಪೋರ್ಟ್ ತೋರಿಸಿದರೆ ಪೂರ್ತಿ ದರದವನು, ಜರ್ಮನಿಯ ವಾಸದ ಪರವಾನಗಿ ತೋರಿಸಿದರೆ ಪುಕ್ಕಟೆ. ಅವನನ್ನು ನೋಡಲು ಊರಿನಿಂದ ಹೋದ ಅಷ್ಟೇ ವಯಸ್ಸಿನ ಚಿಕ್ಕಪ್ಪನ ಮಗ ಪೂರ್ತಿ ಕೊಡಬೇಕು. 2026ರ ಜನವರಿಯಿಂದ ಐರೋಪ್ಯರಲ್ಲದವರಿಗೆ ಅಲ್ಲಿ ದರ 32 ಯೂರೋಗೆ ಏರಿದೆ. ಇದನ್ನು ಅನ್ಯಾಯ ಎನ್ನುವ ಮೊದಲು ನಮ್ಮ ಕಿಟಕಿಯ ಮೇಲಿನ ಫಲಕ ನೋಡಿಕೊಳ್ಳಬೇಕು. 2016ರಲ್ಲಿ ಭಾರತೀಯನಿಗೆ 15 ರೂಪಾಯಿ ಇದ್ದಲ್ಲಿ ಪರದೇಶದವನಿಗೆ 200 ಇತ್ತು. ಸಾರ್ಕ್, ಬಿಮ್‌ಸ್ಟೆಕ್ ದೇಶಗಳವರಿಗೆ ಮಾತ್ರ ನಮ್ಮದೇ ದರ.

ಅದೇ ಹುಡುಗ ರೋಮಿಗೆ ಹೋದರೆ? ಇಟಲಿಯ ಸರ್ಕಾರಿ ಸ್ಮಾರಕಗಳಲ್ಲಿಯೂ ಹದಿನೆಂಟರ ಒಳಗಿನ ಎಲ್ಲರಿಗೂ ಉಚಿತ. ಹದಿನೆಂಟರಿಂದ ಇಪ್ಪತ್ತೈದರವರಿಗೆ ಎರಡು ಯೂರೋ. ಆದರೆ ಈ ಎರಡು ಯೂರೋ ದರ ಐರೋಪ್ಯ ಒಕ್ಕೂಟದ ಪ್ರಜೆಗಳಿಗೆ. ಇಲ್ಲಿ ಜರ್ಮನಿಯ ವಾಸದ ಪರವಾನಗಿ ಕೆಲಸಕ್ಕೆ ಬರದು, ಪೌರತ್ವವೇ ಬೇಕು. ಕೊಲೋಸಿಯಮ್ಮಿಗೆ ಪೂರ್ತಿ ದರ. ರಸ್ತೆ ದಾಟಿ ವ್ಯಾಟಿಕನ್ನಿಗೆ ಹೋದರೆ ಮತ್ತೆ ಬೇರೆ ಧರ್ಮ, ಬೇರೆ ಲೆಕ್ಕ: ಇಪ್ಪತ್ತೈದರವರೆಗಿನ ವಿದ್ಯಾರ್ಥಿಗೆ ಚೀಟಿ ತೋರಿಸಿದರೆ ಕಡಿಮೆ ದರ, ಊರು ಯಾವುದಾದರೂ ಆಗಲಿ. ಬರ್ಲಿನ್ನಿನ ಸರ್ಕಾರಿ ಸಂಗ್ರಹಾಲಯಗಳಲ್ಲೂ ವಿದ್ಯಾರ್ಥಿಗೆ ಅರ್ಧ. ಈಜಿಪ್ಟಿನಲ್ಲಿ ಪಿರಮಿಡ್ಡು ನೋಡಲು ಪರದೇಶದ ವಿದ್ಯಾರ್ಥಿಗೂ ಅರ್ಧ.

ಲಂಡನ್ನಿನಲ್ಲಿ ಈ ತಲೆನೋವೇ ಇಲ್ಲ. ಬ್ರಿಟಿಷ್ ಮ್ಯೂಸಿಯಂ 1759ರಲ್ಲಿ ಬಾಗಿಲು ತೆರೆದಾಗಿನಿಂದ ಉಚಿತವೆಂಬ ತತ್ತ್ವ ಇಟ್ಟುಕೊಂಡು ಬಂದಿದೆ. ಟಿಕೆಟ್ ಇಟ್ಟಿದ್ದ ವಿಜ್ಞಾನ ಸಂಗ್ರಹಾಲಯ, ನಿಸರ್ಗ ಇತಿಹಾಸ ಸಂಗ್ರಹಾಲಯಗಳೂ 2001ರ ಡಿಸೆಂಬರ್ ಹೊತ್ತಿಗೆ ಎಲ್ಲರಿಗೂ ಉಚಿತವಾದವು. ವಿಶೇಷ ಪ್ರದರ್ಶನಗಳಿಗೆ ಮಾತ್ರ ಹಣ. ಡೈನೋಸಾರಿನ ಎಲುಬು ನೋಡಲು ಮಗುವಿನ ಪಾಸ್‌ಪೋರ್ಟ್ ಕೇಳದ ಊರು ಅದು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹಾಲಯಗಳೂ ಹಾಗೆಯೇ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದ ನಿಯಮ ಇನ್ನೂ ವಿಚಿತ್ರ. 2018ರವರೆಗೆ ಅಲ್ಲಿ ಯಾರು ಬೇಕಾದರೂ ಇಷ್ಟಬಂದಷ್ಟು ಕೊಟ್ಟು ಒಳಗೆ ಹೋಗಬಹುದಿತ್ತು. ಆಮೇಲೆ ಆ ಸವಲತ್ತು ನ್ಯೂಯಾರ್ಕ್ ರಾಜ್ಯದ ನಿವಾಸಿಗಳಿಗೆ ಉಳಿಯಿತು. ಜೊತೆಗೆ ನೆರೆಯ ನ್ಯೂಜೆರ್ಸಿ, ಕನೆಕ್ಟಿಕಟ್ ರಾಜ್ಯಗಳ ವಿದ್ಯಾರ್ಥಿಗಳಿಗೂ ಉಳಿಸಿದರು. ನ್ಯೂಜೆರ್ಸಿಯಲ್ಲಿ ಕನ್ನಡಿಗರು ಬಹಳ. ಅಲ್ಲಿ ಕಾಲೇಜಿನಲ್ಲಿ ಓದುವ ಮೈಸೂರಿನ ಹುಡುಗಿ ಒಂದು ಡಾಲರ್ ಕೊಟ್ಟರೂ ನಗುತ್ತಲೇ ಚೀಟಿ ಕೊಡುತ್ತಾರೆ. ಮಗಳ ಮನೆಗೆ ಬಂದ ಅವಳ ತಂದೆತಾಯಿಗೆ ಪೂರ್ತಿ ದರ, ಹಿರಿಯರಿಗೆ ಒಂದಿಷ್ಟು ಕಡಿಮೆ.

ಸಿಂಗಪುರ ನಮ್ಮ ಕಡೆಯವರು ಮಕ್ಕಳೊಂದಿಗೆ ಹೆಚ್ಚಾಗಿ ಹೋಗುವ ಊರು. ಅಲ್ಲಿನ ಮೃಗಾಲಯದಲ್ಲಿ ಮೂರರಿಂದ ಹನ್ನೆರಡರವರು ಮಕ್ಕಳು. ಹದಿಮೂರಾದರೆ ದೊಡ್ಡವರೇ, ಶಾಲೆಯ ಚೀಟಿ ತೋರಿಸಿದರೂ ಕೇಳುವುದಿಲ್ಲ. ‘ಎತ್ತರ ಅವರಪ್ಪನ ಕಡೆದು’ ಎಂಬ ಮಾತೂ ಅಲ್ಲಿ ನಡೆಯುವುದಿಲ್ಲ, ಪಾಸ್‌ಪೋರ್ಟಿನಲ್ಲಿ ತಾರೀಕು ಇರುತ್ತದೆ.

ಕಾಲೇಜಿನ ಚೀಟಿ ಸಾಲದು

ವಿದ್ಯಾರ್ಥಿ ಎಂದು ಹೇಳಿಕೊಳ್ಳುವುದಕ್ಕೂ ಒಂದು ಕ್ರಮ ಇದೆ. ನಮ್ಮ ಎಷ್ಟೋ ಕಾಲೇಜುಗಳ ಗುರುತಿನ ಚೀಟಿಯಲ್ಲಿ ಅವಧಿ ಮುಗಿಯುವ ದಿನ ಇರುವುದಿಲ್ಲ, ಹುಟ್ಟಿದ ತಾರೀಕು ಇರುವುದಿಲ್ಲ, ಫೋಟೋ ಮಾಸಿರುತ್ತದೆ, ಮೊಹರು ಫೋಟೋವಿನ ಮೂಗಿನ ಮೇಲೆ ಬಿದ್ದಿರುತ್ತದೆ. ಪರದೇಶದ ಕಿಟಕಿಯಲ್ಲಿ ಕೂತವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸ್ಸು ಕೊಡುತ್ತಾರೆ. ಇದಕ್ಕೆಂದೇ ಐಎಸ್‌ಐಸಿ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಗುರುತಿನ ಚೀಟಿ ಇದೆ. ಯುನೆಸ್ಕೊ ಮಾನ್ಯತೆ ಇರುವ ಇದನ್ನು ಹನ್ನೆರಡು ತುಂಬಿದ, ಪೂರ್ಣಾವಧಿ ಓದುವ ಯಾರು ಬೇಕಾದರೂ ಹಣ ಕಟ್ಟಿ ಪಡೆಯಬಹುದು. ಓದು ಮುಗಿಸಿದ ಯುವಕರಿಗೆ ಬೇರೆ ಚೀಟಿ, ಶಿಕ್ಷಕರಿಗೆ ಐಟಿಐಸಿ ಎಂಬ ಇನ್ನೊಂದು. ಶಿಕ್ಷಕರಿಗೂ ಇಂಥದೊಂದಿದೆ ಎಂದು ನಂಜನಗೂಡಿನ ಯಾವ ಸ್ಟಾಫ್‌ರೂಮಿನಲ್ಲಿ ಹೇಳಿದರೂ ನಂಬುವವರು ಕಡಿಮೆ. ಚೀಟಿ ಇದ್ದ ಮಾತ್ರಕ್ಕೆ ಎಲ್ಲ ಬಾಗಿಲೂ ತೆರೆಯುತ್ತದೆಂದಲ್ಲ. ಇಟಲಿಯ ಪೌರತ್ವದ ಗೆರೆಯನ್ನು ಅದು ದಾಟಿಸದು. ಎರಡು ದಿನದ ಪ್ರವಾಸಕ್ಕೆ ಕೊಂಡರೆ ಚೀಟಿಯ ಬೆಲೆಯೇ ಹೆಚ್ಚಾದೀತು.

ಯುರೋಪಿನಲ್ಲಿ ರೈಲಿನಲ್ಲಿ ಸುತ್ತುವ ಹುಡುಗರಿಗೆ ಯೂರೇಲ್ ಪಾಸಿನಲ್ಲಿ ಇಪ್ಪತ್ತೇಳರವರೆಗೆ ಯುವಕರ ದರ ಇದೆ, ವಿದ್ಯಾರ್ಥಿಯಾಗಿರಬೇಕೆಂದೂ ಇಲ್ಲ. ಯುರೋಪಿನಲ್ಲೇ ನೆಲೆಸಿದವರು ಯೂರೇಲ್ ಅಲ್ಲ, ಇಂಟರ್‌ರೇಲ್ ಎಂಬ ಅದರ ಅವಳಿಯನ್ನು ಕೊಳ್ಳಬೇಕು.

ಇವೆಲ್ಲಕ್ಕಿಂತ ದೊಡ್ಡ ರಿಯಾಯಿತಿ ಬಾಗಿಲಿಗೆ ಹೋಗುವ ಮೊದಲೇ ಇದೆ, ಅದನ್ನು ಹೇಳುವವರು ಕಡಿಮೆ. ಯುರೋಪಿನ ಷೆಂಗೆನ್ ವೀಸಾದ ಶುಲ್ಕ 2024ರ ಜೂನ್‌ನಿಂದ 90 ಯೂರೋ, ಆರರಿಂದ ಹನ್ನೆರಡರ ಒಳಗಿನ ಮಕ್ಕಳಿಗೆ 45. ಆದರೆ ಓದು ಅಥವಾ ಶೈಕ್ಷಣಿಕ ತರಬೇತಿಗೆಂದು ಹೋಗುವ ಶಾಲಾ ಮಕ್ಕಳು, ಕಾಲೇಜು ವಿದ್ಯಾರ್ಥಿಗಳು, ಜೊತೆಗೆ ಹೋಗುವ ಶಿಕ್ಷಕರಿಗೆ ಈ ಶುಲ್ಕವೇ ಇಲ್ಲ. ಅರ್ಜಿ ಪಡೆಯುವ ಏಜೆನ್ಸಿಯ ಸೇವಾ ಶುಲ್ಕ ಬೇರೆ. ಲೂವ್ರ್‌ನಲ್ಲಿ ಉಳಿಸುವುದಕ್ಕಿಂತ ಇದು ಮೂರು ಪಟ್ಟು ಹತ್ತಿರದ ಹಣ. ಸೋಮನಾಥಪುರದಲ್ಲಿ ಬಾಗಿಲಿಗಿಂತ ಬಸ್ಸು ದುಬಾರಿಯಾದಂತೆ ಅಲ್ಲಿಯೂ ಬಾಗಿಲಿಗಿಂತ ದಾರಿ ದುಬಾರಿ. ವಿಮಾನದ ಕಂಪನಿಗಳು ವಿದ್ಯಾರ್ಥಿಗಳಿಗೆ ಹೆಚ್ಚು ಸಾಮಾನು ಒಯ್ಯಲು ಬಿಡುವುದುಂಟು. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಹಪ್ಪಳದ ಡಬ್ಬಿಗಳ ತೂಕಕ್ಕೆ ಇದು ದೊಡ್ಡ ಉಪಕಾರ.

ಪರದೇಶದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ರಜೆಗೆ ಅಜ್ಜಿಯ ಮನೆಗೆ ಬಂದಾಗ ಇದರ ತಿರುವುಮುರುವು ನಡೆಯುತ್ತದೆ. ಕನ್ನಡದಲ್ಲೇ ಮಾತಾಡುವ, ಆದರೆ ಪಾಸ್‌ಪೋರ್ಟ್ ಅಮೆರಿಕದ್ದಾದ ಹದಿನೇಳರ ಹುಡುಗಿಗೆ ಸೋಮನಾಥಪುರದಲ್ಲಿ ಪರದೇಶದವಳ ದರ. ಓಸಿಐ ಚೀಟಿ ತೋರಿಸಿದರೆ ಭಾರತೀಯಳ ದರ. ಚೀಟಿ ಮೈಸೂರಿನಲ್ಲಿ ಅಜ್ಜಿಯ ಬೀರುವಿನಲ್ಲಿದ್ದರೆ ಏನು ಮಾಡುವುದು? ಜೊತೆಗೆ ಬಂದ ಸೋದರಮಾವ, ‘ನಮ್ಮ ಅಕ್ಕನ ಮಗಳು ಸಾರ್, ಇಲ್ಲೇ ನರಸೀಪುರದವರು’ ಎಂದು ಎಷ್ಟು ಹೇಳಿದರೂ ಕಿಟಕಿಯವರಿಗೆ ಕಾಗದ ಬೇಕು. ಅವರದೂ ತಪ್ಪಲ್ಲ.

ಒಂದು ಉಚಿತ ದಿನದ ಕಥೆಯನ್ನೂ ಹೇಳಿಬಿಡಬೇಕು. ಏಪ್ರಿಲ್ 18 ವಿಶ್ವ ಪರಂಪರೆಯ ದಿನ. ಆ ದಿನ ಪುರಾತತ್ತ್ವ ಇಲಾಖೆ ಸಾಮಾನ್ಯವಾಗಿ ಎಲ್ಲರಿಗೂ ಟಿಕೆಟ್ ಇಲ್ಲದೆ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೆ ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ! ಮಕ್ಕಳು ಮಾವಿನ ಮರದ ಮೇಲಿರುತ್ತಾರೆ. ನವೆಂಬರ್ 19ರಿಂದ 25ರವರೆಗಿನ ವಿಶ್ವ ಪರಂಪರೆ ಸಪ್ತಾಹ ಮಾತ್ರ ಶಾಲೆ ನಡೆಯುವ ಕಾಲದಲ್ಲಿ ಬರುತ್ತದೆ. ಅದರ ಮೊದಲ ದಿನವೂ ಉಚಿತವಾಗಿ ಬಿಟ್ಟದ್ದುಂಟು. ಹತ್ತನೆಯ ತರಗತಿಯ ಪ್ರವಾಸವನ್ನು ಡಿಸೆಂಬರ್‌ನಿಂದ ನವೆಂಬರಿಗೆ ಎಳೆದುಕೊಂಡರೆ ಹದಿನೈದು ದಾಟಿದವರ ಲೆಕ್ಕ ಯಾರಿಗೂ ಬೇಕಾಗುವುದಿಲ್ಲ. ಹೊರಡುವ ಮುನ್ನ ಆ ವರ್ಷ ಉಂಟೋ ಇಲ್ಲವೋ ಎಂದು ವಿಚಾರಿಸಿಕೊಳ್ಳಬೇಕು, ಅಷ್ಟೆ.

ಸಂಜೆ ನಾಲ್ಕರ ಹೊತ್ತಿಗೆ ದೇವಾಲಯದ ನೆರಳು ಪ್ರಾಕಾರದ ಅರವತ್ತನಾಲ್ಕು ಗೂಡುಗಳ ಕಡೆಗೆ ಚಾಚಿಕೊಳ್ಳುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಹೊರಬರುತ್ತಾರೆ. ಟಿಕೆಟ್ ಪಡೆದ ಹನ್ನೊಂದು ಮಂದಿ ಅದನ್ನು ಎಸೆಯದೆ ಜಾಮಿಟ್ರಿ ಬಾಕ್ಸಿನೊಳಗೆ ಇಟ್ಟುಕೊಂಡಿದ್ದಾರೆ. ಉಚಿತವಾಗಿ ಹೋದವರ ಕೈ ಖಾಲಿ, ‘ನಂಗೂ ಒಂದು ಕೊಡ್ಸಿ ಸಾ’ ಎಂದು ಅವರ ರಾಗ. ಪುಳಿಯೋಗರೆಯ ಡಬರಿ ಬರಿದಾಗಿದೆ. ಮೇಷ್ಟರು ತಲೆ ಎಣಿಸುತ್ತಾರೆ, ಒಂದು ಕಡಿಮೆ ಬರುತ್ತದೆ, ಮತ್ತೆ ಎಣಿಸುತ್ತಾರೆ. ಮಲ್ಲಿತಮ್ಮನ ಇನ್ನೊಂದು ಸಹಿ ಸಿಕ್ಕಿತೆಂದು ಒಬ್ಬ ಓಡಿಬರುತ್ತಾನೆ. ಬಸ್ಸು ಸೋಸಲೆಯ ಕಡೆಗೆ ತಿರುಗಿಕೊಳ್ಳುವ ಹೊತ್ತಿಗೆ ಬನ್ನೂರಿನ ದಿಕ್ಕಿನಿಂದ ಇನ್ನೊಂದು ಶಾಲೆಯ ಬಸ್ಸು ಬಂದು ನಿಲ್ಲುತ್ತದೆ. ಪಟ್ಟಿ ಹಿಡಿದ ಇನ್ನೊಬ್ಬ ಮೇಷ್ಟರು ಇಳಿದು ಕಿಟಕಿಯತ್ತ ನಡೆಯುತ್ತಾರೆ.